ಕಾರ್ಡು ಮಾಡಿಸುವ ಹೊತ್ತು

ಮೈಯಲ್ಲಿ ಕಸುವು ಇದ್ದಾಗಲೇ ಆಸ್ಪತ್ರೆಯ ಕಾರ್ಡು ಮಾಡಿಸುವುದು ಜಾಣತನವೋ, ರೋಗಕ್ಕೆ ಕರೆ ಕಳಿಸಿದಂತೆಯೋ? ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು ಅಕ್ಕನಿಂದ.

ಅಕ್ಕನಿಗೆ ಎಪ್ಪತ್ತೆರಡು. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರ ಎಪ್ಪತ್ತು ತುಂಬಿದವರಿಗಾಗಿ ಆಯುಷ್ಮಾನ್ ವಯ ವಂದನಾ ಕಾರ್ಡು ಶುರು ಮಾಡಿತು. ಬಡವ, ಶ್ರೀಮಂತ ಎಂದು ನೋಡುವುದಿಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆಗೆ ದಾಖಲಾದರೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಪುಕ್ಕಟೆ. ಮೊದಲೇ ಇದ್ದ ಬೇನೆಗೂ ಮೊದಲ ದಿನದಿಂದಲೇ ನಡೆಯುತ್ತದೆ. ಇದನ್ನೆಲ್ಲ ಅಕ್ಕನಿಗೆ ಹೇಳಿದೆ.

"ಕಾಯೋ ದಿನ ಇಲ್ಲ ಅಂತ ನೀನ ಹೇಳ್ತಿ. ಹಂಗಾರ ಬ್ಯಾನಿ ಬಂದ ದಿನಾನ ಮಾಡಿಸಿದರಾತು. ಮ್ಯಾಲ ಶರೀರ ಸುಳ್ಳು ಅಂತ ರಾತ್ರಿಯೆಲ್ಲಾ ಭಜನ್ಯಾಗ ಹಾಡ್ತಿ. ಸುಳ್ಳು ಶರೀರಕ್ಕ ಕಾರ್ಡು ಯಾಕೋ ತಮ್ಮಾ?" ಅಂದಳು.

ಎರಡು ದಿನ ನನ್ನ ಹತ್ತಿರ ಉತ್ತರವಿರಲಿಲ್ಲ. ಹಾಡುವವನು ತನ್ನ ಹಾಡಿಗೆ ಜವಾಬು ಹೇಳಬೇಕಲ್ಲ. ಆಮೇಲೆ ಹೊಳೆಯಿತು. ಶರೀರ ಸುಳ್ಳಿರಬಹುದು, ಸಾಲ ಸುಳ್ಳಲ್ಲ. ಶರೀರ ಮಣ್ಣಿಗೆ ಹೋದ ಮೇಲೂ ಸಾಲ ಮನೆಯಲ್ಲೇ ಕೂತಿರುತ್ತದೆ, ಮಕ್ಕಳ ತಲೆಯ ಮೇಲೆ. ನನಗೆ ಸಾವಿನ ಅಂಜಿಕೆ ಇಲ್ಲ ಎನ್ನುವುದು ನನ್ನ ಧೈರ್ಯ. ಆದರೆ ಆ ಧೈರ್ಯದ ಖರ್ಚನ್ನು ಸೊಸೆಯ ಬಂಗಾರ ಅಡವಿಟ್ಟು ತೀರಿಸುವುದು ಯಾವ ವೈರಾಗ್ಯ?

ನಾವು ಗಟ್ಟಿ ಇದ್ದೇವೆ, ಬಡವರ ಪಾಲು ಯಾಕೆ ತಿನ್ನಬೇಕು ಎನ್ನುವವರೂ ಇದ್ದಾರೆ. ಮಾತು ದೊಡ್ಡದು. ಆದರೆ ಕಾರ್ಡು ಪೆಟ್ಟಿಗೆಯಲ್ಲಿದ್ದರೆ ಯಾರ ಪಾಲೂ ಹೋಗುವುದಿಲ್ಲ. ಚಿಕಿತ್ಸೆ ಆದಾಗಲೇ ಸರಕಾರದ ಹಣ ಹೋಗುವುದು. ಉಳ್ಳವನು ಆ ದಿನ ಬೇಡ ಎನ್ನಲಿ.

ಇದನ್ನು ಹೇಳಿದ ಮೇಲೆ ಅಕ್ಕ ಸುಮ್ಮನಾಗಲಿಲ್ಲ. "ನಿಂದು ತೋರಿಸು" ಅಂದಳು. ನನಗಿನ್ನೂ ಎಪ್ಪತ್ತಾಗಿಲ್ಲ. ಆದರೆ ಗೋವಾ ಸರಕಾರದ ದೀನ ದಯಾಳ ಸ್ವಾಸ್ಥ್ಯ ಸೇವಾ ಯೋಜನೆ 2016ರಿಂದ ಇದೆ. ಐದು ವರ್ಷ ಇಲ್ಲಿ ನೆಲೆಸಿದವರಿಗೆ ಸಿಗುತ್ತದೆ. ಮೂರು ಜನರವರೆಗಿನ ಮನೆಗೆ ಎರಡೂವರೆ ಲಕ್ಷ, ಅದಕ್ಕೂ ದೊಡ್ಡ ಮನೆಗೆ ನಾಲ್ಕು ಲಕ್ಷ. ನನ್ನ ಕಾರ್ಡಿನ ಅವಧಿ ಮುಗಿದಿತ್ತು, ನವೀಕರಿಸಿರಲಿಲ್ಲ. ಬುದ್ಧಿ ಹೇಳುವವನ ಚೀಲವೇ ಹರಿದಿತ್ತು!

ಇಬ್ಬರೂ ಕೂಡಿ ಹೋದೆವು. ಅಕ್ಕನ ಹೆಬ್ಬೆರಳನ್ನು ಮಿಷನ್ನು ಒಪ್ಪಲಿಲ್ಲ. ಜೀವನವೆಲ್ಲ ಕಳೆ ಕಿತ್ತು ಗೆರೆ ಸವೆದಿದ್ದವು. ಆಧಾರಿಗೆ ಕೊಟ್ಟಿದ್ದ ಫೋನ್ ನಂಬರು ಎಂದೋ ಬಂದಾಗಿತ್ತು. ಮರುದಿನ ಮತ್ತೆ ಹೋಗಿ, ಮುಖದ ಫೋಟೋ ಹಿಡಿದು ಗುರುತು ಹೊಂದಿಸಿದ ಮೇಲೆ ಕೆಲಸವಾಯಿತು.

ಬರುವಾಗ ಬಸ್ಸಿನಲ್ಲಿ ಅಕ್ಕ ಹೆಬ್ಬೆರಳು ನೋಡಿಕೊಳ್ಳುತ್ತ, "ಬ್ಯಾನಿ ಬಂದ ದಿನಾನೂ ಇದು ನಾಳೆ ಬಾ ಅಂದಿದ್ದರ?" ಅಂದಳು. ನಿಯಮದಲ್ಲಿ ಕಾಯುವ ದಿನ ಇರಲಿಕ್ಕಿಲ್ಲ. ನಮ್ಮ ಹೆಬ್ಬೆರಳಿನಲ್ಲಿ ಇರುತ್ತದೆ. ಆದ್ದರಿಂದ ಹಿರಿಯರೇ, ನಡೆದುಕೊಂಡು ಹೋಗಿ ಮಾಡಿಸಲು ಬರುವ ದಿನವೇ ಮಾಡಿಸುವ ದಿನ.