ತಡಮಾಡುವ ಸೇನಾಪತಿ

ಹಳಿಯಾಳ, ಮುಂಡಗೋಡ ಸೀಮೆಯ ಒಕ್ಕಲಿಗನು ಬಿತ್ತುವದಕ್ಕೆ ಮುಂಚೆ ಹೊಲದ ಮಣ್ಣನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಹದ ಬಾರದಿದ್ದರೆ ಕೂರಿಗೆ ಹೂಡುವದಿಲ್ಲ. ಇಂಥವನನ್ನು ಯಾರೂ ಮೈಗಳ್ಳನೆನ್ನರು. ಆದರೆ ಹದ ಬಂದು ಎತ್ತುಗಳು ಸಿದ್ಧವಾಗಿದ್ದಾಗ್ಯೂ ಆಕಾಶವನ್ನೇ ನೋಡುತ್ತಾ ಕೂತಿರುವವನೂ ಉಂಟು. ದೂರದಿಂದ ನೋಡುವವನಿಗೆ ಇಬ್ಬರೂ ಒಂದೇ ತೆರನಾಗಿ ಕಾಣುವರು. ಹಾಗಾದರೆ ತಡಮಾಡುವ ಸೇವಕನನ್ನು ಯಜಮಾನನು ಯಾವಾಗ ತೆಗೆದುಹಾಕುವದು ನ್ಯಾಯ?

ಮೊದಲನೆಯ ದೃಷ್ಟಾಂತವು ನಮ್ಮ ನಾಡಿನದೇ. ಮೈಸೂರಿನ ಹೈದರಾಲಿಗೂ ಇಂಗ್ಲಿಷರಿಗೂ ನಡೆದ ಮೊದಲನೆಯ ಯುದ್ಧದಲ್ಲಿ ಕರ್ನಲ್ ಜೋಸೆಫ್ ಸ್ಮಿತ್ ಎಂಬವನು ಮದ್ರಾಸಿನ ದಂಡಿಗೆ ನಾಯಕನಾಗಿದ್ದನು. 1767ರಲ್ಲಿ ಚೆಂಗಮ, ತಿರುವಣ್ಣಾಮಲೆಗಳಲ್ಲಿ ಗೆದ್ದವನು ಇವನೇ. ಆದರೂ ಧಾನ್ಯವೂ ಎತ್ತುಗಳೂ ಸಾಲದೆ ಹೈದರನ ಕುದುರೆಸವಾರರನ್ನು ಬೆನ್ನಟ್ಟಲಾರದೆ ಹೋದನು. ಮದ್ರಾಸಿನ ಕೌನ್ಸಿಲಿನವರು 1768ರಲ್ಲಿ ಅವನನ್ನು ಹಿಂದಕ್ಕೆ ಕರೆಸಿಕೊಂಡು ಕರ್ನಲ್ ವುಡ್ಡನಿಗೆ ದಂಡನ್ನು ಒಪ್ಪಿಸಿದರು. ವುಡ್ಡನು ಹೊಸೂರಿನ ಕಡೆಗೆ ನಡೆದು, ಸಾಮಾನುಗಳನ್ನು ಬಾಗಲೂರಿನಲ್ಲಿ ಬಿಟ್ಟನು. ಹೈದರನು ಅಲ್ಲಿ ಬಿದ್ದು ದೊಡ್ಡ ನಷ್ಟವನ್ನುಂಟುಮಾಡಿದನು. ಆಗ ವುಡ್ಡನನ್ನೂ ತೆಗೆದರು. 1769ರ ಮಾರ್ಚಿಯಲ್ಲಿ ಹೈದರನು ಮದ್ರಾಸಿನ ಬಾಗಲಿಗೇ ಬಂದನು. ಏಪ್ರಿಲಿನಲ್ಲಿ ಇಂಗ್ಲಿಷರು ಒಡಂಬಡಿಕೆ ಮಾಡಿಕೊಳ್ಳಬೇಕಾಯಿತು. ನಾಯಕನು ಬದಲಾದನು, ಕೊರತೆ ಬದಲಾಗಲಿಲ್ಲ.

ಎರಡನೆಯದು ಅಮೇರಿಕದ್ದು. ಅಧ್ಯಕ್ಷ ಅಬ್ರಹಾಂ ಲಿಂಕನನ ಸೇನಾಪತಿ ಮೆಕ್ಲೆಲನನು ಶತ್ರುವಿನ ದಂಡನ್ನು ಇದ್ದದ್ದಕ್ಕಿಂತ ಬಹಳ ದೊಡ್ಡದೆಂದು ಎಣಿಸುತ್ತಾ, ಎಷ್ಟು ಕೊಟ್ಟರೂ ಇನ್ನೂ ಬೇಕೆನ್ನುತ್ತಿದ್ದನು. 1862ರ ಸೆಪ್ಟೆಂಬರ್ 17ರಂದು ಆಂಟೀಟಮಿನಲ್ಲಿ ಶತ್ರುವನ್ನು ತಡೆದ ಮೇಲೆಯೂ ಬೆನ್ನಟ್ಟಲಿಲ್ಲ. ಲಿಂಕನನು ತಾನೇ ಪಾಳೆಯಕ್ಕೆ ಹೋಗಿ ಕಣ್ಣಾರೆ ನೋಡಿ ಮಾತಾಡಿದನು, ಅನಂತರವೂ ಕಾದನು, ನವೆಂಬರ್ 5ರಂದು ಅವನನ್ನು ತೆಗೆಯಲು ಆಜ್ಞೆ ಬರೆದನು. ಇದು ನ್ಯಾಯವೇ. ಆದರೆ ಮುಂದೆ ಬಂದ ಬರ್ನ್‌ಸೈಡನು, ಸೇತುವೆಯ ದೋಣಿಗಳು ತಡವಾಗಿ ಬಂದು ಶತ್ರುವು ಗುಡ್ಡದ ಮೇಲೆ ಭದ್ರಪಡಿಸಿಕೊಂಡಿದ್ದಾಗ್ಯೂ, ಡಿಸೆಂಬರ್ 13ರಂದು ಫ್ರೆಡರಿಕ್ಸ್‌ಬರ್ಗಿನಲ್ಲಿ ಮೇಲೆಬಿದ್ದನು. ಸತ್ತವರೂ ಗಾಯಪಟ್ಟವರೂ ಕಾಣದೆ ಹೋದವರೂ ಸೇರಿ ಅವನ ಕಡೆಯ ನಷ್ಟವು 12,000ಕ್ಕೆ ಮೇಲ್ಪಟ್ಟಿತು.

ಹಾಗಾದರೆ ಲಿಂಕನನು ತಪ್ಪಿದನೋ? ಹಾಗಲ್ಲ. ಒಬ್ಬನ ಭಯವು ದೋಷವೆಂದ ಮಾತ್ರಕ್ಕೆ ಇನ್ನೊಬ್ಬನ ಆತುರವು ಗುಣವಾಗದು. ಭೇದವನ್ನು ತಿಳಿಯುವ ಬಗೆ ಇದು: ಇವನು ಯಾವದಕ್ಕಾಗಿ ಕಾಯುತ್ತಾನೆ? ಅದನ್ನು ಕೊಟ್ಟರೆ ಏಳುವನೋ? ಸ್ಮಿತ್ತನಿಗೆ ಬೇಕಾದದ್ದು ಎತ್ತು, ಧಾನ್ಯ, ಅದು ಸಿಕ್ಕಲಿಲ್ಲ. ಮೆಕ್ಲೆಲನನಿಗೆ ಬೇಕಾದದ್ದು ಅಪಾಯವೇ ಇಲ್ಲದ ದಿನ. ಅಂಥ ದಿನವನ್ನು ಯಾವ ಯಜಮಾನನೂ ಕೊಡಲಾರನು.

ನಮ್ಮ ಕೈಕೆಳಗೂ ಆಳುಗಳೂ ಮಕ್ಕಳೂ ಉಂಟು. ಒಬ್ಬನನ್ನು ತಳ್ಳಿಬಿಡುವ ಮುಂಚೆ ನಾವೇ ಹೊಲಕ್ಕೆ ಹೋಗಿ ಮಣ್ಣನ್ನು ಮುಟ್ಟಿ ನೋಡೋಣ. ಕಾಯುವವನಾದರೋ ತನಗೆ ಏನು ಸಾಲದೆಂಬದನ್ನು ಬಾಯಿಬಿಟ್ಟು ಹೇಳಲಿ. ಅದು ದೊರೆತ ದಿನವೇ ಎದ್ದು ನೊಗ ಹೂಡಲಿ.