ಪಹಣಿಯಿಲ್ಲದವರ ನಷ್ಟ

ನೊಯ್ಯಲ್ ನದಿಗೆ ಒರತ್ತುಪಾಳಯಂ ಅಣೆಕಟ್ಟು ಕಟ್ಟಿದ್ದು 1992ರಲ್ಲಿ, ನೀರಾವರಿಗೆಂದು. ಕೆಲವೇ ವರ್ಷಗಳಲ್ಲಿ ಅಲ್ಲಿ ನಿಂತದ್ದು ತಿರುಪ್ಪೂರಿನ ಬಣ್ಣದ ನೀರು. ಇಂಥ ನೀರು ನಮಗೆ ಬೇಡವೇ ಬೇಡ ಎಂದು ಅಚ್ಚುಕಟ್ಟಿನ ರೈತರೇ ಹೇಳುವ ಹಾಗಾಯಿತು. ಬನಿಯನ್ ಬಟ್ಟೆಗೆ ಬಣ್ಣ ಹಾಕುವ ನೂರಾರು ಘಟಕಗಳಲ್ಲಿ ಯಾವುದರ ಉಪ್ಪು ಯಾರ ತೆಂಗಿನ ಬುಡ ಸೇರಿತೆಂದು ಯಾರೂ ತೋರಿಸಲಾರರು. ಅಷ್ಟಕ್ಕೇ ರೈತರು ಹೂಡಿದ ಮೊಕದ್ದಮೆ ಬಿದ್ದುಹೋಗಲಿಲ್ಲ. 2006ರಲ್ಲಿ ಮದ್ರಾಸ್ ಹೈಕೋರ್ಟ್ ಹೊರಬಿಡುವ ನೀರಿಗೆ ಲೀಟರಿಗಿಷ್ಟು ಪೈಸೆಯೆಂದು ದಂಡ ಹಾಕಿತು. 2009ರಲ್ಲಿ ಸುಪ್ರೀಂ ಕೋರ್ಟು ಕೆಡಿಸಿದವರೇ ತೆರಬೇಕೆಂದಿತು. 2011ರ ಜನವರಿಯಲ್ಲಿ ಘಟಕಗಳನ್ನು ಮುಚ್ಚುವ ಆದೇಶವೇ ಬಂತು. (ಆಮೇಲೆ ನೀರು ಶುದ್ಧೀಕರಿಸಲು ಸರ್ಕಾರವೇ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ತೆತ್ತವರು ಯಾರೆಂಬುದು ಬೇರೆ ಲೆಕ್ಕ.)

ಜಗತ್ತೆಲ್ಲ ಹೊಗೆ ಬಿಡುವಾಗ ನಮ್ಮೊಬ್ಬರ ಪಾಲನ್ನು ಹೇಗೆ ಬೇರ್ಪಡಿಸುತ್ತೀರಿ ಎಂದು ಹವಾಮಾನ ಮೊಕದ್ದಮೆಗಳಲ್ಲಿ ಕಂಪನಿಗಳು ಕೇಳುತ್ತವೆ. ನೊಯ್ಯಲ್ ಮೊಕದ್ದಮೆ ಅದಕ್ಕೆ ಸಾಕಷ್ಟು ಉತ್ತರ ಕೊಟ್ಟಿದೆ. ನನ್ನ ತಕರಾರು ಬೇರೆ. ಅಲ್ಲಿ ದಾವೆ ಹೂಡಿದವರ ಸಂಘದ ಹೆಸರಲ್ಲೇ ಆಯಕಟ್ಟುದಾರರು ಎಂದಿದೆ. ಸರ್ವೆ ನಂಬರು ಇದ್ದವರು, ಕಂದಾಯ ಕಟ್ಟಿದವರು. ನಷ್ಟವನ್ನು ಅಳೆಯಲು ನೆಲವನ್ನು ಮೊದಲೇ ಅಳೆದಿಟ್ಟಾಗಿತ್ತು.

ನೊಯ್ಯಲ್ ಹರಿಯುವ ಜಿಲ್ಲೆಗಳ ದಕ್ಷಿಣಕ್ಕೆ, ಆನೈಮಲೈ ಬೆಟ್ಟಗಳಲ್ಲಿ, ಅಂಥ ದಾಖಲೆಯಿಲ್ಲದೆ ಬದುಕಿದ ಕಾಡರ್ ಜನರಿದ್ದಾರೆ. 2019ರ ಆಗಸ್ಟ್ ಮಳೆಯಲ್ಲಿ ವಾಲ್ಪಾರೈ ಬಳಿಯ ಕಲ್ಲಾರ್ ಹಾಡಿಯ ಮನೆಗಳು ಹೋದವು. ಜನ ತೆಪ್ಪಕುಳಮೇಡು ಎಂಬ ಎತ್ತರದ ಜಾಗಕ್ಕೆ ಹೋಗಿ ಗುಡಿಸಲು ಹಾಕಿಕೊಂಡರು. ಅರಣ್ಯ ಇಲಾಖೆ ಎಬ್ಬಿಸಿತು. ಉಳಿಯಲು ಸಿಕ್ಕದ್ದು ಚಹಾ ಎಸ್ಟೇಟಿನ ಲೈನ್ ಮನೆ. ಅದನ್ನು ತುಸು ನಿಂತು ನೋಡಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇಲ್ಲಿನ ಕಾಡು ಕಡಿದು ತೋಟ ಮಾಡಿದವರ ಬಳಿ ಕಾಗದವಿದೆ. ಆ ಕಾಡಲ್ಲೇ ಜೇನು ಕಿತ್ತು ಬದುಕಿದವರು ಆ ತೋಟದವರದೇ ಕೂಲಿಮನೆಯಲ್ಲಿ ನಿರಾಶ್ರಿತರು. ಹೋರಾಡಿ, 2021ರಲ್ಲಿ ಅವರು ತೆಪ್ಪಕುಳಮೇಡಿನಲ್ಲಿ ಪಟ್ಟಾ ಪಡೆದರು.

ಆ ಒಂದು ಮಳೆಯನ್ನು ಯಾವುದೇ ಕಂಪನಿಯ ತಲೆಗೆ ಕಟ್ಟಲಾಗದು, ನಿಜ. ಆದರೆ ನಾಳೆ ಕಟ್ಟುವ ಲೆಕ್ಕ ಸಿಕ್ಕರೂ ಕಾಡರಿಗೆ ಕೋರ್ಟಿನ ಬಾಗಿಲು ತೆರೆದೀತೇ? ಪೆರುವಿನ ರೈತನೊಬ್ಬ ಜರ್ಮನಿಯ ಆರ್‌ಡಬ್ಲ್ಯುಇ ಕಂಪನಿಯ ಮೇಲೆ ಹೂಡಿದ ದಾವೆಯಲ್ಲಿ 2025ರ ಮೇನಲ್ಲಿ ಹಾಮ್ ನ್ಯಾಯಾಲಯ, ದೂರದ ಹಾನಿಗೂ ಹೊಗೆ ಬಿಟ್ಟವರು ತಾತ್ವಿಕವಾಗಿ ಹೊಣೆ ಎಂದಿತು. ಆದರೆ ಆತನ ಮನೆಗೆ ಪ್ರವಾಹದ ಅಪಾಯ ಸಾಲದೆಂದು ದಾವೆ ವಜಾ ಮಾಡಿತು. ಅಲ್ಲೂ ತೀರ್ಪು ನಿಂತದ್ದು ಆಸ್ತಿಯ ಮೇಲೆ. 2024ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹವಾಮಾನ ಬದಲಾವಣೆಯ ದುಷ್ಪರಿಣಾಮಗಳ ವಿರುದ್ಧ ಪ್ರಜೆಗಳಿಗೆ ಹಕ್ಕಿದೆಯೆಂದಿತು. ಒಳ್ಳೆಯದೇ, ಆದರೆ ದಾಖಲೆಯಲ್ಲಿಲ್ಲದ ಮನೆಯ ನಷ್ಟ ಹೇಗೆ ಸಾಬೀತಾಗಬೇಕು?

ಉತ್ತರಕ್ಕೆ ಹೊರದೇಶ ನೋಡಬೇಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು, ಹಳೆಯ ಬಾವಿಯನ್ನು, ಸ್ಮಶಾನವನ್ನು ಸಾಕ್ಷ್ಯವೆಂದು ಒಪ್ಪುತ್ತವೆ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಗಣಿ ಬೇಡವೆಂದಾಗ ದೇಶ ಒಪ್ಪಿಕೊಂಡಿತು. ಹಕ್ಕು ಗುರುತಿಸಲು ಸಾಲುವ ಸಾಕ್ಷ್ಯ ನಷ್ಟ ಕಟ್ಟಲು ಏಕೆ ಸಾಲದು ಎಂಬುದನ್ನು ಕಂಪನಿಗಳ ವಕೀಲರೇ ವಾದಿಸಿ ತೋರಿಸಲಿ. ಆ ಹೊರೆ ಕಾಡರ ಹೆಗಲಿಗಲ್ಲ.