ಹಾರ್ಮೋನಿಯಂ ದುರಸ್ತಿಯೂ ಶ್ರಾವಕಧರ್ಮವೂ

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯ ಮಲಪನಗುಡಿಯಂತಹ ಊರುಗಳಲ್ಲಿ ಭಜನೆಗೆ ಹಾರ್ಮೋನಿಯಂ ಆಧಾರ. ಬಸದಿಗಳಲ್ಲಿಯೂ ಪೂಜೆ, ಪಂಚಕಲ್ಯಾಣಗಳ ಹಾಡುಗಳಿಗೆ ಅದೇ ಜೊತೆ. ಬಹುಕಾಲ ಬಳಸಿದ ಮೇಲೆ ತಿದಿಯ ಮಡಿಕೆಗಳಲ್ಲಿ ಗಾಳಿ ಸೋರತೊಡಗುತ್ತದೆ. ಬೆರಳೊತ್ತುವ ಪಟ್ಟಿಗಳ ಕೆಳಗಿನ ಹೊದಿಕೆ ಸವೆದು, ಒತ್ತದ ಸ್ವರವೂ ತಾನಾಗಿ ನುಡಿಯುತ್ತದೆ. ಈ ಎರಡೂ ಕಡೆ ರೂಢಿಯಲ್ಲಿರುವುದು ಹದಮಾಡಿದ ಆಡು, ಕುರಿಗಳ ಚರ್ಮ. ದುರಸ್ತಿಗಾರನು "ಹೊಸ ಚರ್ಮ ಹಾಕಲೇ?" ಎಂದು ಕೇಳಿದಾಗ ಟ್ರಸ್ಟಿನವರು ಏನೆನ್ನಬೇಕು?

ಚರ್ಮವೆಂದು ತಿಳಿದೊಡನೆ ವಾದ್ಯವನ್ನೇ ಹೊರಗಿಡಬೇಕೆನ್ನುವವರುಂಟು. ಇಲ್ಲಿ ಶುದ್ಧಿಯ ಪ್ರಶ್ನೆಯೂ ಹಿಂಸೆಯ ಪ್ರಶ್ನೆಯೂ ಬೆರೆತುಹೋಗಿವೆ. ಬಸದಿಯೊಳಗೆ ಚರ್ಮ ಇರಬಾರದೆಂಬುದು ಶುದ್ಧಿಯ ನಿಯಮ. ಅದನ್ನು ಪಾಲಿಸುವುದು ಯುಕ್ತವೇ. ಆದರೆ ಹಳೆಯ ಚರ್ಮವನ್ನು ಕಿತ್ತೆಸೆದ ಮಾತ್ರಕ್ಕೆ ಯಾವ ಜೀವಕ್ಕೂ ಅಭಯ ದೊರೆಯದು. ಹೊಸ ಚರ್ಮಕ್ಕೆ ಒಪ್ಪಿಗೆ ಕೊಟ್ಟರೆ ಮಾತ್ರ, ಕೃತ, ಕಾರಿತ, ಅನುಮೋದಿತಗಳೆಂಬ ಮೂರರಲ್ಲಿ ಕಡೆಯ ಎರಡು ಅಂಟಿಕೊಳ್ಳುತ್ತವೆ. ಹಳೆಯದನ್ನು ಬಿಸುಟು ಹೊಸ ಹಾರ್ಮೋನಿಯಂ ಕೊಂಡರೆ, ಅದರೊಳಗೂ ಹೊಸ ಚರ್ಮವೇ ಇರಬಹುದಲ್ಲ!

ಪಾಶ್ಚಾತ್ಯರ ದೊಡ್ಡ ಪಿಯಾನೋವನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಅದರ 88 ಸುತ್ತಿಗೆಗಳಿಗೆ ಉಣ್ಣೆಯ ಹೊದಿಕೆ. ಸುತ್ತಿಗೆಯ ಕಡ್ಡಿಯನ್ನು ಮೇಲೆತ್ತುವೆಡೆಯಲ್ಲಿ ಜಿಂಕೆಯ ಚರ್ಮದ ಸಣ್ಣ ಸುರುಳಿ. ಹಳೆಯ ಪಿಯಾನೋಗಳ ಪಟ್ಟಿಗಳ ಮೇಲೆ ಆನೆಯ ದಂತ. ಶ್ರಾವಕರಿಗೆ ವರ್ಜ್ಯವಾದ 15 ಕರ್ಮಾದಾನಗಳಲ್ಲಿ ದಂತವಾಣಿಜ್ಯವನ್ನು ಆಚಾರ್ಯರು ಶತಮಾನಗಳ ಹಿಂದೆಯೇ ಎಣಿಸಿದ್ದರು. ಭಾರತದ ಕಾಯಿದೆ 1986 ಮತ್ತು 1991ರ ತಿದ್ದುಪಡಿಗಳಿಂದಷ್ಟೇ ಆ ವ್ಯಾಪಾರಕ್ಕೆ ಪೂರ್ಣ ತಡೆಯೊಡ್ಡಿತು. (ಅದೇ ಪಟ್ಟಿಯಲ್ಲಿ ಗಾಣ ಆಡಿಸುವ ಯಂತ್ರಪೀಡನವೂ ಇದೆ. ಆದರೂ ಹಂಪಿಯಲ್ಲಿ 1385ರಲ್ಲಿ ಇರುಗಪ್ಪ ದಂಡನಾಥನು ಕಟ್ಟಿಸಿದ ಕುಂಥುನಾಥ ಬಸದಿಯನ್ನು ಜನ ಇಂದಿಗೂ ಗಾಣಗಿತ್ತಿ ಬಸದಿಯೆಂದೇ ಕರೆಯುತ್ತಾರೆ! ಸಂಸಾರಿಗಳ ಬದುಕು ಪಟ್ಟಿಯಷ್ಟು ಸರಳವಲ್ಲ.)

ಇಂದು ಪರ್ಯಾಯಗಳಿವೆ. ಪಿಯಾನೋ ದುರಸ್ತಿಯಲ್ಲಿ ಜಿಂಕೆಯ ಚರ್ಮದ ಬದಲು ಕೃತಕ ನೂಲಿನ ಮೆತ್ತನೆಯ ಬಟ್ಟೆಯನ್ನು ಬಳಸುವವರಿದ್ದಾರೆ. ಹಾರ್ಮೋನಿಯಂ ತಿದಿಗೆ ಒತ್ತಾದ ನೇಯ್ಗೆಯ ಬಟ್ಟೆ ಸಾಕು. ದಪ್ಪ ರೆಕ್ಸಿನ್ ಮಾತ್ರ ಬೇಡ. ಅದು ಮಡಿಕೆಯಲ್ಲಿ ಬಿರಿಯುತ್ತದೆ. ಬಟ್ಟೆ ಚರ್ಮಕ್ಕಿಂತ ಬೇಗ ಸವೆಯಬಹುದು, ಆಗ ಮತ್ತೊಮ್ಮೆ ಕೂಲಿ ಕೊಡಬೇಕಾಗುತ್ತದೆ. ಆ ವೆಚ್ಚ ವ್ರತದ ವೆಚ್ಚವೇ ಸರಿ. ಅದನ್ನು ದುರಸ್ತಿಗಾರನ ಕೂಲಿಯಲ್ಲಿ ಕಡಿತ ಮಾಡಿ ಸರಿದೂಗಿಸುವುದು ನ್ಯಾಯವಲ್ಲ.

ವ್ಯಾಪಾರಿಗಳು ಗಮನಿಸಬೇಕಾದದ್ದು ಇನ್ನೊಂದಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು ಹೇಳುತ್ತದೆ. ಒಂದರ ಹೆಸರಿನಲ್ಲಿ ಅದರಂತೆ ಕಾಣುವ ಇನ್ನೊಂದನ್ನು ಮಾರುವುದೇ ಅದು. ಬಟ್ಟೆಯೆಂದು ಹೇಳಿ ಒಳಗೆ ಚರ್ಮ ಅಂಟಿಸುವುದು, ಸವೆದ ತುಂಡನ್ನು ತಿರುವಿ ಹಾಕಿ ಹೊಸದರ ಬೆಲೆ ಪಡೆಯುವುದು ಈ ದೋಷಕ್ಕೇ ಸೇರುತ್ತವೆ. ತಿದಿಯ ಒಳಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಏನಿದೆಯೆಂದು ವಿಚಾರಿಸದೆ, ಅತಿ ಕಡಿಮೆ ದರ ಹೇಳಿದವನಿಗೇ ಕೆಲಸ ಒಪ್ಪಿಸುವ ಟ್ರಸ್ಟಿಗೂ ಈ ದೋಷದಲ್ಲಿ ಪಾಲಿದೆ. ಹಾಕಿದ ವಸ್ತು ಯಾವುದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಲು ಒಂದು ಸಾಲಿನ ಜಾಗ ಸಾಕು.